ಮೂರು ಚುಕ್ಕೆಯ ಉಳಿ

ಈ ಎರಡು ಸದ್ದು ಕೇಳಿ. ಮೊದಲನೇದು ಅಂಗಡಿಯಿಂದ ತಂದ ಉಳಿ. ಎರಡನೇದು ತಾತ ಮಾಡಿಕೊಟ್ಟಿದ್ದು. ಕಲ್ಲು ಒಂದೇ, ಸುತ್ತಿಗೆ ಒಂದೇ, ಕೈಯೂ ನಂದೇ. ಇನ್ನೊಂದ್ಸಲ ಹೊಡೀತೀನಿ. ಎರಡನೇದು ಕಿಣ್ ಅಂತ ಕಲ್ಲಿನ ಒಳಗಿಂದ ಎದ್ದು ಬರುತ್ತೆ. ಆ ಉಳಿ ಮಾಡಿದ ಕೈ ಹೋದ ತಿಂಗಳು ನಿಂತುಹೋಯ್ತು.

ನಾನಿರೋದು ಶಿವಾರಪಟ್ಟಣದಲ್ಲಿ. ಕೋಲಾರ ಜಿಲ್ಲೆ, ಮಾಲೂರು ತಾಲ್ಲೂಕು. ಊರೊಳಗೆ ಕಾಲಿಟ್ಟರೆ ರಸ್ತೆ ಬದಿಯಲ್ಲೇ ಗಣಪತಿ, ನಂದಿ, ಆಂಜನೇಯ, ಇನ್ನೂ ಅರ್ಧ ಕಲ್ಲೊಳಗೇ ಇರೋ ದೇವಿ, ಎಲ್ಲರೂ ಸಿಗ್ತಾರೆ. ವಿಗ್ರಹ ಮಾಡಿಸೋಕೆ ದೂರದೂರದಿಂದ ಜನ ಬರ್ತಾರೆ, ಶಿಲ್ಪಿ ಯಾರು ಅಂತ ಕೇಳ್ತಾರೆ. ಉಳಿ ಯಾರದು ಅಂತ ಕೇಳಿದವರನ್ನ ನಾನು ಈವರೆಗೆ ನೋಡಿಲ್ಲ. ಅದಕ್ಕೇ ಈ ವಿಡಿಯೋ. ಅವರ ಹೆಸರು, ಊರು ಹೇಳಲ್ಲ, ಮನೆಯವರಿಗೆ ಅದು ಬೇಡ. ನಮಗೆಲ್ಲ ಅವರು ಉಳಿ ತಾತ.

ಇದೇ ಆ ಕುಲುಮೆ. ಕಿಟಕಿ ಇಲ್ಲ, ನೋಡಿ. ಹಗಲು ಹೊತ್ತಲ್ಲೂ ಒಳಗೆ ಕತ್ತಲೆ. ಮೊದಲ ಸಲ ಬಂದಾಗ, ಪಾಪ, ಕರೆಂಟ್ ಹಾಕಿಸೋ ಶಕ್ತಿ ಇಲ್ಲವೇನೋ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಕಾದ ಕಬ್ಬಿಣದ ಬಣ್ಣ ಬಿಸಿಲಲ್ಲಿ ಸುಳ್ಳು ಹೇಳುತ್ತೆ. ಕತ್ತಲಲ್ಲಿ ಕೆಂಪಾಗಿ ಕಾಣೋದು ಬಿಸಿಲಲ್ಲಿ ಕಪ್ಪಾಗೇ ಕಾಣುತ್ತೆ. ಬಣ್ಣ ತಪ್ಪಿದ್ರೆ ಹದ, ಅಂದ್ರೆ ಉಳಿಗೆ ಬೇಕಾದಷ್ಟೇ ಗಟ್ಟಿತನ, ತಪ್ಪುತ್ತೆ. ಆ ಕತ್ತಲೆ ತಾತ ಬೇಕು ಅಂತಲೇ ಇಟ್ಟುಕೊಂಡಿದ್ದು.

ಅವತ್ತು ನಾನು ಮೊಂಡಾದ ಒಂಬತ್ತು ಉಳಿ ಗೋಣಿಚೀಲದಲ್ಲಿ ಕಟ್ಕೊಂಡು ಹೋಗಿದ್ದೆ. ತಾತ ಒಂದೊಂದನ್ನೇ ಎತ್ತಿ ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದ್ರು. ಆಮೇಲೆ ಕೇಳಿದ್ರು, "ಏನಮ್ಮಾ, ಎಡಗೈ ಹೆಬ್ಬೆರಳು ನೋಯ್ತದಾ?" ನಾನು ಹೌದು ಅಂದೆ. ಯಾರಿಗೂ ಹೇಳಿರಲಿಲ್ಲ ಅದನ್ನ. "ಉಳಿ ಒಂದೇ ಮೂಲೆ ಸವೆದದೆ. ನೀನು ಓರೆ ಹಿಡೀತೀಯ. ತಲೆ ನೋಡು, ಒಂದು ಪಕ್ಕಕ್ಕೆ ಹೂವಿನಂಗೆ ಅರಳದೆ. ಏಟು ನಡುವಿಗೆ ಬೀಳ್ತಿಲ್ಲ."

ಮೂರು ವರ್ಷ ಶಿಲ್ಪ ಕಲಿತಿದ್ದೆ. ನನ್ನ ಕೈಯ ತಪ್ಪನ್ನ ನಾನು ಕೆಲಸ ಮಾಡೋದನ್ನೇ ನೋಡದ ಒಬ್ಬರು ಹೇಳಿದ್ರು. ಮುಂದಿನ ವಾರ ಹೋದಾಗ ಉಳಿಗಳ ಕುತ್ತಿಗೆ ಸ್ವಲ್ಪ ದಪ್ಪ ಮಾಡಿಟ್ಟಿದ್ರು, ನನ್ನ ಹಿಡಿತಕ್ಕೆ. ನೋವು ಹದಿನೈದು ದಿನದಲ್ಲಿ ಹೋಯ್ತು.

ಕಲ್ಲು ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಬೇಲೂರು, ಹಳೇಬೀಡಿನ ಬಳಪದ ಕಲ್ಲು ಮೆದು. ಅದಕ್ಕೇ ಅಲ್ಲಿ ಒಡವೆಯ ಕುಸುರಿ ಕಲ್ಲಲ್ಲೇ ಬಂತು. ಗ್ರಾನೈಟ್ ಹಾಗಲ್ಲ, ಅದು ಉಳಿಯನ್ನೇ ತಿನ್ನುತ್ತೆ. ದಿನಕ್ಕೆ ಎಷ್ಟು ಉಳಿ ಮೊಂಡಾಗುತ್ತೆ ಅಂತ ಲೆಕ್ಕ ಇಡೋಕಾಗಲ್ಲ. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನ ಕೆಳಗೆ ನಿಂತಾಗ, 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟನ ಮುಂದೆ ನಿಂತಾಗ, ನಂಗೆ ಈಗ ಕಣ್ಣಿಗೆ ಬರೋದು ಪಕ್ಕದಲ್ಲಿ ಉರಿದಿರಬೇಕಾದ ಕುಲುಮೆ. ಉಳಿ ಮತ್ತೆ ಮತ್ತೆ ಬೆಂಕಿಗೆ ಹೋಗಿ ಬರದೆ ಅಂಥಾ ಕಲ್ಲು ಕೆಲಸ ನಡೆಯಲ್ಲ.

ತಾತ ಹದ ಹಾಕೋ ರೀತಿ ನನ್ನ ಹತ್ತಿರ ವಿಡಿಯೋ ಇದೆ, ಹಳೇ ಫೋನಲ್ಲಿ ತೆಗೆದಿದ್ದು, ಅಲುಗಾಡುತ್ತೆ. ಕಬ್ಬಿಣ ಕಲ್ಲುಕ್ವಾರಿಯ ಹಳೇ ಜಾಕ್‌ಹ್ಯಾಮರ್ ರಾಡು. ಬಡಿದು ಮೊನೆ ತಂದಾಯ್ತು. ಈಗ ಕೆಂಪಗೆ ಕಾಯಿಸಿ, ತುದಿ ಒಂದಿಂಚು ಮಾತ್ರ ನೀರಿಗೆ. ಚುಂಯ್. ಪೂರ್ತಿ ಅದ್ದಬಾರದು. ತುದಿ ತಣ್ಣಗಾಯ್ತು, ಮೈಯಲ್ಲಿ ಇನ್ನೂ ಬಿಸಿ ಇದೆ. ಈಗ ತುದಿಯನ್ನ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡ್ತಾರೆ, ಸುಮ್ಮನೆ ಕಾಯ್ತಾರೆ. ಮೈಯ ಬಿಸಿ ತುದಿ ಕಡೆಗೆ ಹರಿದು ಬರುವಾಗ ಬಣ್ಣ ಓಡುತ್ತೆ: ಒಣಹುಲ್ಲಿನ ಹಳದಿ, ಕಂದು, ನೇರಳೆ, ಆಮೇಲೆ ನೀಲಿ. ಹಳದಿ ಬರೋದು 220 ಡಿಗ್ರಿ ಹತ್ತಿರ, ನೀಲಿ ಸುಮಾರು 300. ಬೇಕಾದ ಬಣ್ಣ ಮೊನೆಗೆ ಬಂದ ಕ್ಷಣ ಮತ್ತೆ ನೀರಿಗೆ. ಒಂದುಸಿರು ಮುಂಚೆ ಅದ್ದಿದ್ರೆ ಉಳಿ ಗಾಜಿನ ಹಾಗೆ ಸಿಡಿಯುತ್ತೆ. ತಡವಾದ್ರೆ ಬಾಯಿ ಮಡಚಿಕೊಳ್ಳುತ್ತೆ.

ಇಲ್ಲಿ ನೋಡಿ, ತಾತ ಉಸಿರು ಹಿಡಿದಿದ್ದಾರೆ. ಈ ಜಾಗವನ್ನ ನಾನು ಎಷ್ಟು ಸಲ ಹಿಂದಕ್ಕೆ ಹಾಕಿ ನೋಡಿದ್ದೀನೋ ಗೊತ್ತಿಲ್ಲ.

ಮಾಲೂರು ರಸ್ತೆಯಲ್ಲಿ ಹಳದಿ ಹೂ ಬಿಡೋ ತಂಗಡಿ ಗಿಡ ಕಂಡ್ರೆ ಈಗೆಲ್ಲ ಗಾಡಿ ನಿಲ್ಲಿಸ್ತೀನಿ. ಹಿಂದೆ ಮೈಸೂರು ಸೀಮೆಯಲ್ಲಿ ಉಕ್ಕು ಮಾಡೋರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ಇದೇ ತಂಗಡಿ ಕಡ್ಡಿ, ಹಸಿರೆಲೆ ಇಟ್ಟು, ಬಾಯಿ ಮುಚ್ಚಿ ಕಾಯಿಸ್ತಿದ್ರು. 1800ರಲ್ಲಿ ಈ ಕಡೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣ, ಉಕ್ಕಿನ ಕೆಲಸ ನೋಡಿ ಬರೆದಿಟ್ಟಿದ್ದಾನೆ. ಇಂಗ್ಲಿಷಿನವರ ಬಾಯಲ್ಲಿ 'ವೂಟ್ಸ್' ಆಗಿದ್ದು ನಮ್ಮ 'ಉಕ್ಕು' ಪದವೇ ಅಂತಾರೆ. ತಾತನಿಗೆ ಇದನ್ನೆಲ್ಲ ಓದಿ ಹೇಳಿದಾಗ ತಿದಿ ಒತ್ತೋದು ನಿಲ್ಲಿಸಲಿಲ್ಲ, "ಎಷ್ಟು ಕಾಯಿಸ್ತಿದ್ರಂತೆ?" ಅಂತ ಮಾತ್ರ ಕೇಳಿದ್ರು.

ಪ್ರತಿ ಉಳಿಯ ಕುತ್ತಿಗೆ ಮೇಲೆ ಮೂರು ಚುಕ್ಕೆ ಇವೆ, ಕ್ಯಾಮೆರಾ ಹತ್ತಿರ ತರ್ತೀನಿ. ತಾತನ ಗುರುತು. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಅವರ ಉಳಿಗೂ ಯಾರೋ ಹೀಗೆ ಚುಕ್ಕೆ ಇಟ್ಟಿರಬಹುದು ಅನ್ನಿಸುತ್ತೆ.

ಈಗ ಬಹುಪಾಲು ಕೆಲಸ ಗ್ರೈಂಡರ್ ಮಾಡುತ್ತೆ. ತುದಿಗೆ ಕಾರ್ಬೈಡ್ ಅನ್ನೋ ತುಂಬಾ ಗಟ್ಟಿ ವಸ್ತು ಕೂರಿಸಿದ ಉಳಿ ಅಂಗಡಿಯಲ್ಲೇ ಸಿಗುತ್ತೆ, ಬಾಳಿಕೇನೂ ಬರುತ್ತೆ. ನಾನೂ ಬಳಸ್ತೀನಿ. ಆದ್ರೆ ಮೂಗಿನ ಹೊಳ್ಳೆ, ತುಟಿಯ ಅಂಚು, ಬೆರಳ ಸಂದಿಗೆ ಬಂದಾಗ ನನ್ನ ಕೈ ಹುಡುಕೋದು ಮೂರು ಚುಕ್ಕೆಯನ್ನೇ.

ನನ್ನ ಹತ್ತಿರ ಉಳಿದಿರೋದು 7. ಹದ ಇರೋದು ತುದಿಯ ಒಂದಿಂಚಲ್ಲಿ ಮಾತ್ರ. ಸಾಣೆ ಹಿಡಿದಷ್ಟೂ ಅದು ಕರಗುತ್ತೆ. ಆ ಒಂದಿಂಚು ಮುಗಿದ ಮೇಲೆ ಉಳಿಯೋದು ಬರೀ ರಾಡು. ಕೆಲಸ ಮಾಡಿದಷ್ಟೂ ತಾತನನ್ನ ಖರ್ಚು ಮಾಡ್ತಿದ್ದೀನಿ ಅನ್ನಿಸಿ, ಎರಡು ವಾರ ಅವನ್ನ ಮುಟ್ಟಲೇ ಇಲ್ಲ.

ಹೋದ ಯುಗಾದಿಗೆ ಹೇಳಿದ್ರು, "ಬಂದು ಕೂತ್ಕೊಳಮ್ಮ, ಒಂದು ಮಳೆಗಾಲ ಸಾಕು, ಕೈಗೆ ಬರ್ತದೆ." ಒಂದು ವಿಗ್ರಹದ ಆರ್ಡರ್ ಮುಗಿಸಿ ಬರ್ತೀನಿ ತಾತ ಅಂದೆ. ಅದು ಮುಗಿದ ಮೇಲೆ ಇನ್ನೊಂದು ಬಂತು.

ತಾತನ ಸೊಸೆ ಕುಲುಮೆ ಬೀಗ ನನ್ನ ಕೈಗೆ ಕೊಟ್ಟಿದ್ದಾರೆ. ಭಾನುವಾರ ಬಂದು ಇದ್ದಿಲು ಹೊತ್ತಿಸ್ತೀನಿ. ಬಣ್ಣ ಓದೋಕೆ ಇನ್ನೂ ಕಣ್ಣು ಕೂತಿಲ್ಲ, ಅದಕ್ಕೆ ಅಯಸ್ಕಾಂತ ಇಟ್ಕೊಂಡಿದ್ದೀನಿ. 770 ಡಿಗ್ರಿ ದಾಟಿದ ಕಬ್ಬಿಣ ಅಯಸ್ಕಾಂತಕ್ಕೆ ಅಂಟಲ್ಲ, ಅಲ್ಲಿಂದ ಸ್ವಲ್ಪ ಮೇಲೆ ಹೋದ್ರೆ ನೀರಿಗೆ ಹಾಕೋ ಹೊತ್ತು. ಮೊದಲನೇ ಉಳಿ ಎರಡೇ ಏಟಿಗೆ ಸಿಡೀತು. ಎರಡನೇದರ ಬಾಯಿ ಮಡಚಿತು. ಇದು ಮೂರನೇದು. ಬೆಳಗ್ಗಿಂದ ಗ್ರಾನೈಟ್ ಮೇಲೆ ಇದೆ, ಮುಕ್ಕಾಗಿಲ್ಲ. ಕುತ್ತಿಗೆ ಮೇಲೆ ಚುಕ್ಕೆ ಹಾಕಿಲ್ಲ.

ಇನ್ನು ನಾನು ಮಾತಾಡಲ್ಲ. ಮೊದಲು ತಾತನ ಉಳಿ, ಆಮೇಲೆ ಇದು. ಹೆಡ್‌ಫೋನ್ ಇದ್ರೆ ಹಾಕ್ಕೊಂಡು ಕೇಳಿ.