ಬೆಂಕಿಪುರದ ಉಕ್ಕು, ನಮ್ಮ ಬೆಟ್ಟದ ಮಣ್ಣು

ಕೇಳುಗರಿಗೆ ನಮಸ್ಕಾರ.

ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿಯ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಹತ್ತಿಹೋಗುವವರು ಅಲ್ಲಿನ ಹೂದೋಟವನ್ನೂ ಮಂಜನ್ನೂ ಕಣ್ತುಂಬ ನೋಡಿ ಬರುತ್ತಾರೆ. ಆದರೆ ದಾರಿ ಬದಿಯ ದರೆಯಿಂದ ಒಂದು ಕಲ್ಲನ್ನೆತ್ತಿ ಅಂಗೈಯಲ್ಲಿಟ್ಟು ತೂಗಿ ನೋಡುವವರು ಕಡಿಮೆ. ಗಾತ್ರವನ್ನು ನೋಡಿದರೆ ಇಷ್ಟು ಭಾರವಿರಬಹುದೆಂದು ತೋರುವುದಿಲ್ಲ. ಕಲ್ಲನ್ನು ಕೆಳಗಿಟ್ಟ ಮೇಲೂ ಬೆರಳ ಸಂದಿಯಲ್ಲಿ ಕುಂಕುಮದಂಥ ಪುಡಿ ಉಳಿದಿರುತ್ತದೆ. ಅದು ಕಬ್ಬಿಣದ ಅದಿರು. ಚಿಕ್ಕಮಗಳೂರು ಜಿಲ್ಲೆಯ ಈ ಅದಿರನ್ನೇ ನಂಬಿ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ, ಭದ್ರಾ ನದಿಯ ದಂಡೆಯ ಮೇಲೆ ಉಕ್ಕಿನ ನಗರವೊಂದು ಬೆಳೆಯಿತು. ಭದ್ರಾವತಿಯ ಚರಿತ್ರೆಯನ್ನು ಹೇಳುವಾಗ ಈ ಬೆಟ್ಟವನ್ನು ಬಿಟ್ಟು ಹೇಳುವುದು ಸರಿಯಲ್ಲವೆಂಬುದು ನನ್ನ ಬಲವಾದ ಅಭಿಪ್ರಾಯ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದ್ದ ಆ ಸಣ್ಣ ಊರನ್ನು ಕಬ್ಬಿಣದ ಕಾರ್ಖಾನೆಗೆ ಆರಿಸಿಕೊಳ್ಳಲು ಕಾರಣಗಳಿದ್ದವು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಭಂಡಿಗುಡ್ಡದಲ್ಲಿ ಸುಣ್ಣಕಲ್ಲಿತ್ತು, ಸುತ್ತಲೂ ದಟ್ಟವಾದ ಕಾಡಿತ್ತು, ವರ್ಷವಿಡೀ ಹರಿಯುವ ಹೊಳೆಯಿತ್ತು, ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲುಹಾದಿಯೂ ಆಗಲೇ ಇತ್ತು. ಇಲ್ಲದಿದ್ದದ್ದು ಒಂದೇ, ಕಲ್ಲಿದ್ದಲು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿನ ಗಣಿಗಳಿರಲಿಲ್ಲ. ಬಿಹಾರದ ಕಡೆಯಿಂದ ತರಿಸುವುದಾದರೆ ಸಾಗಣೆಯ ವೆಚ್ಚವೇ ಕಬ್ಬಿಣದ ಬೆಲೆಯನ್ನು ನುಂಗಿಬಿಡುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಈ ಯೋಜನೆಗೆ ರೂಪ ಕೊಟ್ಟಾಗ, ಕಲ್ಲಿದ್ದಲಿನ ಬದಲು ಕಾಡಿನ ಇದ್ದಿಲನ್ನೇ ಬಳಸುವುದೆಂದು ನಿಶ್ಚಯವಾಯಿತು.

ಆ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸೌದೆಯನ್ನು ಬಯಲಿನಲ್ಲಿ ಸುಟ್ಟು ಇದ್ದಿಲು ಮಾಡಿದರೆ ಹೊಗೆಯೆಲ್ಲ ಗಾಳಿಗೆ ಹೋಗುತ್ತದೆ. ಭದ್ರಾವತಿಯಲ್ಲಿ ಮರದ ತುಂಡುಗಳನ್ನು ಗಾಳಿಯಾಡದ ಉಕ್ಕಿನ ಪಾತ್ರೆಗಳಲ್ಲಿಟ್ಟು ಕಾಯಿಸಿ, ಹೊರಬಂದ ಹೊಗೆಯನ್ನು ತಣಿಸಿ, ಅದರಿಂದ ಮರದ ಮದ್ಯಸಾರವನ್ನೂ ಟಾರನ್ನೂ ಬೇರ್ಪಡಿಸುತ್ತಿದ್ದರು. ಒಳಗೆ ಉಳಿದ ಇದ್ದಿಲು ಊದುಕುಲುಮೆಗೆ ಹೋಗುತ್ತಿತ್ತು. ಗಂಧಕದ ಅಂಶ ತೀರ ಕಡಿಮೆಯಿದ್ದುದರಿಂದ ಇದ್ದಿಲಿನಲ್ಲಿ ಕರಗಿಸಿದ ಕಬ್ಬಿಣಕ್ಕೆ ಒಳ್ಳೆಯ ಹೆಸರೂ ಇತ್ತು.

1923ರ ಜನವರಿ 18ರಂದು ಕಾರ್ಖಾನೆ ಆರಂಭವಾಯಿತು. ಆದರೆ ಮೊದಲ ಮಹಾಯುದ್ಧದ ಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆ ಆ ವೇಳೆಗೆ ಕುಸಿದಿತ್ತು. ನಷ್ಟ ಕಂಡ ಕೂಡಲೇ ಟೀಕೆಗಳೂ ಬಂದವು. ದಿವಾನಗಿರಿಯನ್ನು ಬಿಟ್ಟು ಹೋಗಿದ್ದ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, ಖರ್ಚನ್ನು ಹಿಡಿತಕ್ಕೆ ತಂದು, ವಿದೇಶಿ ತಜ್ಞರ ಜಾಗದಲ್ಲಿ ನಮ್ಮವರನ್ನು ತರಬೇತು ಮಾಡಿ ನಿಲ್ಲಿಸಿದರು. 1930ರ ದಶಕದಲ್ಲಿ ಉಕ್ಕು ಬಂತು, ಸಿಮೆಂಟು ಬಂತು, ಪಕ್ಕದಲ್ಲೇ ಕಾಗದದ ಕಾರ್ಖಾನೆಯೂ ಎದ್ದಿತು.

ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯ ಬಕೆಟ್ಟುಗಳಲ್ಲಿ ಕಣಿವೆಯ ಮೇಲೆ ತೂಗಾಡುತ್ತ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಹಳಿಯ ಮೇಲೆ ಭದ್ರಾವತಿಗೆ ಸಾಗುತ್ತಿತ್ತು. ನನ್ನ ಸೋದರಮಾವ ಆ ಬಕೆಟ್ಟುಗಳನ್ನು ಬರಿದು ಮಾಡುವ ಕೆಲಸದಲ್ಲಿದ್ದರು. ಅವರ ಬಟ್ಟೆಯನ್ನು ಅಜ್ಜಿ ಬೇರೆಯೇ ಒಗೆಯುತ್ತಿದ್ದರು. ಉಳಿದ ಬಟ್ಟೆಯೊಂದಿಗೆ ನೆನೆಹಾಕಿದರೆ ಬಿಳಿ ಪಂಚೆಗಳೆಲ್ಲ ಕಾವಿಗೆ ತಿರುಗುತ್ತಿದ್ದವು. ಎಷ್ಟು ತಿಕ್ಕಿದರೂ ಅವರ ಅಂಗಿಯ ಕಾಲರಿನ ಮಡಿಕೆಯಿಂದ ಆ ಕೆಂಪು ಹೋಗಲೇ ಇಲ್ಲ.

ಕೆಲಸವನ್ನರಸಿ ತಮಿಳುನಾಡಿನಿಂದ, ಆಂಧ್ರದಿಂದ, ಕೇರಳದಿಂದ ಬಂದವರು ಭದ್ರಾವತಿಯಲ್ಲೇ ನೆಲೆ ನಿಂತರು. ಹಳೇನಗರ, ನ್ಯೂಟೌನ್, ಪೇಪರ್‌ಟೌನ್ ಎಂದು ಊರು ಹೊಳೆಯ ಎರಡೂ ದಡಗಳಿಗೆ ಹಬ್ಬಿತು. ಆ ಬೆಳವಣಿಗೆಗೆ ಕಾಡು ತೆತ್ತ ಬೆಲೆಯನ್ನೂ ಮರೆಯಬಾರದು. ಕುಲುಮೆಗೆ ಸೌದೆ ಎಷ್ಟಿದ್ದರೂ ಸಾಲದು. ಜೋಗದ ವಿದ್ಯುತ್ತು ದೊರೆತ ಮೇಲೆ, 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದು ಆ ಹೊರೆ ಕೊಂಚ ಇಳಿಯಿತು.

ಕಾರ್ಖಾನೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರೇ ಬಂತು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತಕ್ಕೆ ಸೇರಿ, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಈ ನಡುವೆ ದೇಶದ ಬೇರೆಡೆ ಇದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಉಕ್ಕಿನ ಸ್ಥಾವರಗಳು ಎದ್ದಿದ್ದವು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಸ್ವಂತ ಅದಿರಿಲ್ಲದೆ ಹಳೆಯ ಕಾರ್ಖಾನೆ ಸೊರಗಿತು. ಬೆಟ್ಟದ ಮೈ ಉಳಿಯಿತೆಂದು ಇಲ್ಲಿ ನಾವು ಸಮಾಧಾನಪಟ್ಟುಕೊಂಡೆವು, ಅದು ಸಹಜವೇ. ಆದರೆ ಅದೇ ಹೊತ್ತಿಗೆ ಹೊಳೆಯ ಕೆಳಗಿನ ಊರಿನಲ್ಲಿ ಎಷ್ಟೋ ಮನೆಗಳ ಒಲೆ ತಣ್ಣಗಾಗುತ್ತಿತ್ತು. ಈ ಎರಡನ್ನೂ ಒಟ್ಟಿಗೆ ನೆನೆದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕಾರ್ಖಾನೆಗೆ ನೂರು ವರ್ಷ ತುಂಬಿದ್ದು 2023ರ ಜನವರಿಯಲ್ಲಿ. ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದೂ ಅದೇ ತಿಂಗಳಲ್ಲಿ. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಆ ವರ್ಷದ ಆಗಸ್ಟಿನಲ್ಲಿ ಕೆಲವು ಯಂತ್ರಗಳು ಮತ್ತೆ ತಿರುಗಿದವು. ಬೇರೆಡೆಯಿಂದ ತಂದ ಉಕ್ಕಿನ ಗಟ್ಟಿಗಳನ್ನು ಕಾಯಿಸಿ ಸಲಾಕೆಗಳಾಗಿ ಎಳೆಯುವ ಕೆಲಸ ಶುರುವಾಯಿತು. ಆ ಉಕ್ಕಿನಲ್ಲಿ ಕೆಮ್ಮಣ್ಣುಗುಂಡಿಯ ಮಣ್ಣಿರಲಿಲ್ಲ.

ನಮಸ್ಕಾರ.