ಇಯರ್‌ಬಡ್ ಸಿಳ್ಳೆ ಹೊಡೆದರೆ ಬ್ಲೂಟೂತನ್ನು ಬೈಯಬೇಡಿ

ಎಲ್ಲರಿಗೂ ನಮಸ್ಕಾರ. ಈ ಸಂಚಿಕೆಗೆ ಬೇರೆಯೇ ವಿಷಯ ಸಿದ್ಧವಾಗಿತ್ತು, ಅದನ್ನು ಮುಂದಿನ ವಾರಕ್ಕೆ ತಳ್ಳಿದ್ದೇನೆ. ಹಿಂದಿನ ವಿಡಿಯೊದ ಕೆಳಗೆ ಮೂಡಿಗೆರೆ ಕಡೆಯ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಹೊರಗಿನ ಗದ್ದಲವನ್ನು ಅಳಿಸುವ ನಾಯ್ಸ್ ಕ್ಯಾನ್ಸಲೇಶನ್ ಆನ್ ಮಾಡಿದ ತಕ್ಷಣ ಎಡಗಡೆಯ ಬಡ್‌ನಲ್ಲಿ ಕುಯ್ ಎಂದು ಸಣ್ಣಗೆ ಸಿಳ್ಳೆ ಶುರುವಾಗುತ್ತದೆ, ಹಾಡು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ, ಮಾತಾಡುವಾಗ ದವಡೆ ಅಲ್ಲಾಡಿದರೆ ಒಮ್ಮೆ ಜಾಸ್ತಿಯಾಗುತ್ತದೆ ಒಮ್ಮೆ ಕಡಿಮೆಯಾಗುತ್ತದೆ, ಏನು ಮಾಡಲಿ ಎಂದು. ಅಷ್ಟು ಚೆನ್ನಾಗಿ ಗಮನಿಸಿ ಬರೆದ ಪ್ರಶ್ನೆಗೆ ಬಂದ ಉತ್ತರಗಳು ಎಂಥವು? ‘ರೀಸೆಟ್ ಮಾಡಿ ಸರ್.’ ‘ಅನ್‌ಪೇರ್ ಮಾಡಿ ಮತ್ತೆ ಪೇರ್ ಮಾಡಿ.’ ‘ನಿಮ್ಮ ಫೋನಿನ ಬ್ಲೂಟೂತ್ ಹಳೆಯದು, ಫೋನ್ ಬದಲಾಯಿಸಿ.’ ಆ ಮನುಷ್ಯ ದವಡೆಯ ವಿಷಯ ಬರೆದಿದ್ದಾರೆ, ಅದನ್ನು ಒಬ್ಬರಾದರೂ ಓದಿದ್ದರೆ ಉತ್ತರ ಅಲ್ಲೇ ಸಿಕ್ಕಿಬಿಡುತ್ತಿತ್ತು. ದವಡೆ ಅಲ್ಲಾಡಿದರೆ ಕಿವಿಯ ನಾಳದ ಆಕಾರ ಬದಲಾಗುತ್ತದೆ, ಬ್ಲೂಟೂತ್ ಬದಲಾಗುವುದಿಲ್ಲ.

ನಾನು ಇವತ್ತು ಹೇಳುವುದು ಇದೊಂದೇ ಮಾತು: ಆ ಸಿಳ್ಳೆ ಫೋನಿನಿಂದ ಬರುತ್ತಿಲ್ಲ, ನಿಮ್ಮ ಕಿವಿ ಮತ್ತು ಬಡ್ ನಡುವಿನ ಗಾಳಿಯಲ್ಲಿ ಹುಟ್ಟುತ್ತಿದೆ. ಹುಡುಕಬೇಕಾದ್ದು ಅಲ್ಲಿ.

ಗಣಪತಿ ಪೆಂಡಾಲಿನಲ್ಲಿ ಭಾಷಣಕಾರರು ಮೈಕ್ ಹಿಡಿದು ಸ್ಪೀಕರಿನ ಮುಂದೆ ಹೋದರೆ ಕುಯ್ಯೋ ಎಂದು ಕಿರುಚುವುದನ್ನು ನೀವೆಲ್ಲ ಕೇಳಿದ್ದೀರಿ. ಸ್ಪೀಕರಿನ ಸದ್ದು ಮೈಕಿಗೆ ಹೋಗುತ್ತದೆ, ಮೈಕು ಅದನ್ನು ಆಂಪ್ಲಿಫೈಯರಿಗೆ ಕಳಿಸುತ್ತದೆ, ಅದು ಇನ್ನೂ ಜೋರಾಗಿ ಸ್ಪೀಕರಿಗೆ ಬರುತ್ತದೆ, ಮತ್ತೆ ಮೈಕಿಗೆ. ನಾಯ್ಸ್ ಕ್ಯಾನ್ಸಲೇಶನ್ ಇರುವ ಬಡ್‌ನ ಒಳಗೂ ಮೈಕ್ ಮತ್ತು ಸ್ಪೀಕರ್ ಇವೆ, ಅವುಗಳ ನಡುವಿನ ದೂರ ಕೆಲವೇ ಮಿಲಿಮೀಟರ್. ಹೊರಮುಖದ ಮೈಕು ಹೊರಗಿನ ಗದ್ದಲವನ್ನು ಕೇಳಿಸಿಕೊಳ್ಳುತ್ತದೆ, ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಆ ಅಲೆಗೆ ತದ್ವಿರುದ್ಧವಾದ ಅಲೆಯನ್ನು ತಯಾರಿಸಿ ಸ್ಪೀಕರಿಗೆ ಕೊಡುತ್ತದೆ, ಕಿವಿಯ ಕಡೆಗಿರುವ ಒಳಮೈಕು ಇನ್ನೂ ಎಷ್ಟು ಗದ್ದಲ ಉಳಿದಿದೆ ಎಂದು ನೋಡಿ ಚಿಪ್ಪಿಗೆ ವಾಪಸ್ ವರದಿ ಕೊಡುತ್ತದೆ. ಅಂದರೆ ಸ್ಪೀಕರಿನಿಂದ ಒಳಮೈಕಿಗೆ, ಮೈಕಿನಿಂದ ಚಿಪ್ಪಿಗೆ, ಚಿಪ್ಪಿನಿಂದ ಮತ್ತೆ ಸ್ಪೀಕರಿಗೆ ಒಂದು ಸುತ್ತು ಸದಾ ನಡೆಯುತ್ತಲೇ ಇರುತ್ತದೆ. ಪೆಂಡಾಲಿನಲ್ಲಿ ಆಕಸ್ಮಿಕವಾಗಿ ಆಗುವ ಸುತ್ತನ್ನು ಇಲ್ಲಿ ಬೇಕೆಂದೇ ಕಟ್ಟಿ, ಹತೋಟಿಯಲ್ಲಿ ಇಟ್ಟಿದ್ದಾರೆ. ಹತೋಟಿ ತಪ್ಪಿದ ಕ್ಷಣ ಸಿಳ್ಳೆ.

ಹತೋಟಿ ಯಾಕೆ ತಪ್ಪುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಈ ಸುತ್ತಿನಲ್ಲಿ ಎಲ್ಲೋ ಅರ್ಧ ಮಿಲಿಸೆಕೆಂಡ್ ತಡವಾಯಿತು ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 100 ಸಲ ಕಂಪಿಸುವ ಬಸ್ಸಿನ ಎಂಜಿನ್ನಿನ ಗುಂಯ್‌ಗೆ ಒಂದು ಆವರ್ತನಕ್ಕೆ 10 ಮಿಲಿಸೆಕೆಂಡ್ ಬೇಕು. ಅದರಲ್ಲಿ ಅರ್ಧ ಮಿಲಿಸೆಕೆಂಡ್ ಇಪ್ಪತ್ತನೆಯ ಒಂದು ಭಾಗ, ಲೆಕ್ಕಕ್ಕೇ ಇಲ್ಲ, ವಿರುದ್ಧ ಅಲೆ ಸರಿಯಾಗಿಯೇ ಕೂರುತ್ತದೆ. ಆದರೆ 1000 ಹರ್ಟ್ಸ್‌ನ ಸದ್ದಿಗೆ ಒಂದು ಆವರ್ತನ ಮುಗಿಯುವುದೇ 1 ಮಿಲಿಸೆಕೆಂಡಿನಲ್ಲಿ. ಅಲ್ಲಿ ಅರ್ಧ ಮಿಲಿಸೆಕೆಂಡ್ ತಡವಾದರೆ ಅಲೆ ಪೂರ್ತಿ ತಲೆಕೆಳಗಾಗುತ್ತದೆ, ಕಳೆಯಬೇಕಾದ್ದು ಕೂಡುತ್ತದೆ. ಆದ್ದರಿಂದಲೇ ಎಂಜಿನಿಯರುಗಳು ಮೇಲಿನ ಸ್ವರಗಳಲ್ಲಿ ಈ ಸುತ್ತಿನ ಬಲವನ್ನು ತಗ್ಗಿಸಿರುತ್ತಾರೆ. ಅದಕ್ಕೇ ಈ ಬಡ್‌ಗಳು ಬಸ್ಸಿನ ಗುಂಯ್ ಅನ್ನು ನುಂಗಿದಷ್ಟು ಸುಲಭವಾಗಿ ಪಕ್ಕದ ಸೀಟಿನವರ ಮಾತನ್ನು ನುಂಗುವುದಿಲ್ಲ. ಇಂಥ ಸುತ್ತು ಎಲ್ಲಿಯವರೆಗೆ ಸ್ಥಿರವಾಗಿರುತ್ತದೆ, ಎಲ್ಲಿ ಕೂಗತೊಡಗುತ್ತದೆ ಎನ್ನುವ ಗಣಿತವನ್ನು ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1932ರಲ್ಲೇ ಬರೆದಿಟ್ಟಿದ್ದಾರೆ. ಕಿವಿ ಸರಿಯಾಗಿ ಮುಚ್ಚಿದೆ, ಬಡ್‌ನ ಬಾಯಿಯ ಜಾಲರಿ ತೆರೆದಿದೆ, ಗಾಳಿಯಾಡುವ ತೂತು ಖಾಲಿ ಇದೆ ಎಂದು ನಂಬಿಯೇ ಚಿಪ್ಪಿನ ಲೆಕ್ಕವನ್ನು ಮಾಡಿರುತ್ತಾರೆ. ಆ ಮೂರರಲ್ಲಿ ಒಂದು ಕೆಟ್ಟರೂ ಲೆಕ್ಕ ತಪ್ಪುತ್ತದೆ.

ಈಗ ಬ್ಲೂಟೂತ್ ಪಕ್ಷದವರಿಗೆ ಒಂದು ಪರೀಕ್ಷೆ ಕೊಡುತ್ತೇನೆ. ಬಡ್‌ಗಳನ್ನು ಕಿವಿಗೆ ಹಾಕಿ, ನಾಯ್ಸ್ ಕ್ಯಾನ್ಸಲೇಶನ್ ಆನ್ ಮಾಡಿ, ಆಮೇಲೆ ಫೋನಿನ ಬ್ಲೂಟೂತನ್ನೇ ಆಫ್ ಮಾಡಿ. ಎಷ್ಟೋ ಬಡ್‌ಗಳಲ್ಲಿ ಕೆಲವು ನಿಮಿಷವಾದರೂ ಕ್ಯಾನ್ಸಲೇಶನ್ ನಡೆಯುತ್ತಲೇ ಇರುತ್ತದೆ. ಸಿಳ್ಳೆಯೂ ನಡೆಯುತ್ತಿದ್ದರೆ, ಸಂಪರ್ಕವೇ ಇಲ್ಲದ ಬ್ಲೂಟೂತ್ ಅದನ್ನು ಎಲ್ಲಿಂದ ತಂದಿತು? ಬ್ಲೂಟೂತಿನಲ್ಲಿ ಸಂಗೀತ ಚೂರು ಚೂರಾಗಿ, ಅಂಕಿಗಳ ರೂಪದಲ್ಲಿ ಬರುತ್ತದೆ. ಆ ಚೂರುಗಳು ಕಳೆದುಹೋದರೆ ಹಾಡು ತುಂಡಾಗುತ್ತದೆ, ತಡವರಿಸುತ್ತದೆ, ಕೆಲವೊಮ್ಮೆ ಚಟಚಟ ಎನ್ನುತ್ತದೆ. ದವಡೆಯ ಜೊತೆ ಏರಿಳಿಯುವ ಒಂದೇ ಸ್ವರದ ಸಿಳ್ಳೆ ಅದರಿಂದ ಹುಟ್ಟುವುದಿಲ್ಲ. ಇನ್ನೂ ಅನುಮಾನವಿದ್ದರೆ ಇತಿಹಾಸ ನೋಡಿ. ವಿರುದ್ಧ ಅಲೆಯಿಂದ ಸದ್ದನ್ನು ಅಳಿಸುವ ಉಪಾಯಕ್ಕೆ ಜರ್ಮನಿಯ ಪಾಲ್ ಲ್ಯೂಗ್ ಅಮೆರಿಕದ ಪೇಟೆಂಟ್ ಪಡೆದದ್ದು 1936ರಲ್ಲಿ. ವಿಮಾನದಲ್ಲಿ ಕೂತಿದ್ದ, ಬೋಸ್ ಕಂಪನಿಯ ಸ್ಥಾಪಕ ಅಮರ್ ಬೋಸ್ ಅವರಿಗೆ ಇದನ್ನು ಹೆಡ್‌ಫೋನಿಗೆ ತರುವ ಯೋಚನೆ ಬಂದದ್ದು 1978ರಲ್ಲಿ. ಬ್ಲೂಟೂತ್ ಹುಟ್ಟಿದ್ದು 1990ರ ದಶಕದಲ್ಲಿ. ಅದಕ್ಕಿಂತ ಆರು ದಶಕ ಹಿರಿಯದಾದ ತಂತ್ರದ ತೊಂದರೆಗೆ ಅದನ್ನು ಹೊಣೆ ಮಾಡುವುದು ಯಾವ ನ್ಯಾಯ?

‘ಆದರೆ ನಾನು ರೀಸೆಟ್ ಮಾಡಿದ ಮೇಲೆ ನಿಂತಿತಲ್ಲ’ ಎಂದು ಯಾರೋ ಈಗಾಗಲೇ ಟೈಪ್ ಮಾಡುತ್ತಿರುತ್ತೀರಿ. ನಿಂತಿರುತ್ತದೆ, ನಾನು ನಂಬುತ್ತೇನೆ. ರೀಸೆಟ್ ಮಾಡಲು ನೀವು ಏನೇನು ಮಾಡಿದಿರಿ? ಬಡ್‌ಗಳನ್ನು ಕಿವಿಯಿಂದ ತೆಗೆದಿರಿ, ಕೇಸಿಗೆ ಹಾಕಿದಿರಿ, ಬಟನ್ ಒತ್ತಿ ಕಾದಿರಿ, ಹೊರತೆಗೆದು ಮತ್ತೆ ಕಿವಿಗೆ ತಿರುಗಿಸಿ ಕೂರಿಸಿದಿರಿ. ಆ ಕೊನೆಯ ಕೆಲಸವೇ ಮದ್ದು. ಬಡ್‌ನ ತುದಿಯ ರಬ್ಬರು, ಅಂದರೆ ಟಿಪ್, ಈ ಸಲ ಸರಿಯಾಗಿ ಕೂತಿತು, ಕೀರ್ತಿ ಮಾತ್ರ ರೀಸೆಟ್ಟಿಗೆ ಹೋಯಿತು. ಎರಡು ದಿನ ಬಿಟ್ಟು ಸಿಳ್ಳೆ ಮತ್ತೆ ಬಂದಾಗ ಮತ್ತೆ ರೀಸೆಟ್, ಮತ್ತೆ ತೃಪ್ತಿ. ಕಂಪನಿಯವರು ಹೊಸ ಫರ್ಮ್‌ವೇರ್, ಅಂದರೆ ಬಡ್‌ನ ಒಳಗಿನ ಸಾಫ್ಟ್‌ವೇರ್, ಬಿಟ್ಟರೆ ಅದರಲ್ಲಿ ಕ್ಯಾನ್ಸಲೇಶನ್ನಿನ ಲೆಕ್ಕ ಬದಲಾಗಿರಬಹುದು, ಅದನ್ನು ಹಾಕಿಕೊಳ್ಳಿ, ಬೇಡವೆನ್ನುವುದಿಲ್ಲ. ರೀಸೆಟ್ ಆ ಲೆಕ್ಕವನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕ್ಯಾನ್ಸಲೇಶನ್ ಆಫ್ ಮಾಡಿ ನೋಡಿ. ಸಿಳ್ಳೆ ಮಾಯವಾದರೆ ನಾನು ಹೇಳಿದ ಸುತ್ತೇ ಕಾರಣ. ಬಡ್‌ಗಳನ್ನು ಕಿವಿಯಿಂದ ತೆಗೆದು ಕೇಸಿಗೆ ಹಾಕಿದ ಮೇಲೂ ಸಿಳ್ಳೆ ಕೇಳಿಸುತ್ತಿದ್ದರೆ ಈ ವಿಡಿಯೊ ನಿಲ್ಲಿಸಿ ಕಿವಿಯ ವೈದ್ಯರ ಹತ್ತಿರ ಹೋಗಿ. ಮತ್ತೆ ಆನ್ ಮಾಡಿ, ಬಡ್‌ನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ; ಮೈಕಿನ ತೂತನ್ನು ಮುಚ್ಚದ ಹಾಗೆ ಒತ್ತಬೇಕು. ಒತ್ತಿದಾಗ ನಿಂತು, ಬಿಟ್ಟಾಗ ಬಂದರೆ ಟಿಪ್ ನಿಮ್ಮ ಕಿವಿಗೆ ಹೊಂದುತ್ತಿಲ್ಲ. ಸಾಮಾನ್ಯವಾಗಿ ಡಬ್ಬಿಯಲ್ಲಿ ಮೂರು ಅಳತೆಯ ಟಿಪ್ ಕೊಟ್ಟಿರುತ್ತಾರೆ, ನಮ್ಮಲ್ಲಿ ಬಹಳ ಜನ ಆ ಪೊಟ್ಟಣವನ್ನು ಬಿಚ್ಚುವುದೂ ಇಲ್ಲ. ಎಷ್ಟೋ ಜನರಿಗೆ ಎರಡು ಕಿವಿಗಳ ಅಳತೆ ಒಂದೇ ಇರುವುದಿಲ್ಲ, ಎಡಕ್ಕೆ ದೊಡ್ಡದು ಬಲಕ್ಕೆ ಮಧ್ಯಮದ್ದು ಹಾಕಿಕೊಂಡರೆ ಯಾರೂ ದಂಡ ಹಾಕುವುದಿಲ್ಲ. ಎಡದ ಟಿಪ್ಪನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಿ ನೋಡಿ. ಸಿಳ್ಳೆಯೂ ಕಡೆ ಬದಲಿಸಿದರೆ ದೋಷ ಟಿಪ್ಪಿನದು, ಅಲ್ಲೇ ಉಳಿದರೆ ಬಡ್‌ನದ್ದು ಅಥವಾ ಆ ಕಿವಿಯದ್ದು.

ಆಲ್ದೂರು ಕಡೆಯ ಕಾಫಿ ಎಸ್ಟೇಟಿನಲ್ಲಿ ರೈಟರಾಗಿರುವ ಪರಿಚಯದವರೊಬ್ಬರು ತಮ್ಮ ಬಡ್‌ಗಳನ್ನು ನನ್ನ ಟೇಬಲ್ಲಿನ ಮೇಲೆ ತಂದಿಟ್ಟರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವಾಗ ಅದರ ಪಕ್ಕದಲ್ಲೇ ನಿಂತು ಲೆಕ್ಕ ಬರೆಯುವವರು ಅವರು, ಈ ಬಡ್ ಅವರಿಗೆ ಶೋಕಿಯಲ್ಲ. ಬಲದ ಟಿಪ್ ಕಳಚಿ, ಬಡ್‌ನ ಮೂತಿಯ ತುದಿಯ ಜಾಲರಿಯನ್ನು ಮೊಬೈಲ್ ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದೆ. ನೇರವಾಗಿ ನೋಡಿದರೆ ಏನೂ ಇಲ್ಲ, ಶುದ್ಧ ಕಪ್ಪು. ಓರೆ ಬೆಳಕಿನಲ್ಲಿ ಅಂಚಿನ ಸುತ್ತ ಅರ್ಧಚಂದ್ರದ ಹಾಗೆ ಗುಗ್ಗೆಯ ಒಂದು ಹೊಳೆಯುವ ಪೊರೆ, ಅದಕ್ಕೆ ಅಂಟಿಕೊಂಡು ಉಣ್ಣೆಯ ಸಣ್ಣ ಎಳೆ. ಕೆಂಪು ಎಳೆ. ಅದು ಅವರ ಮಂಕಿ ಕ್ಯಾಪಿನದು. ಜಾಲರಿಯ ಕಾಲುಭಾಗ ಮುಚ್ಚಿದ್ದರೂ ಹಾಡು ಚೆನ್ನಾಗಿಯೇ ಕೇಳಿಸುತ್ತಿತ್ತು, ಆದ್ದರಿಂದ ಅವರಿಗೆ ಅಲ್ಲಿ ಅನುಮಾನವೇ ಬಂದಿರಲಿಲ್ಲ. ಜಾಲರಿ ಕೆಳಮುಖವಾಗಿರುವಂತೆ ಹಿಡಿದು, ಒಣಗಿದ ಮೆತ್ತನೆಯ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಅಂಥದ್ದು ಉದುರುತ್ತದೆ. ಟಿಪ್ಪನ್ನು ಬೇರೆಯಾಗಿ ಬರೀ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಪಿನ್ನು ಹಾಕಬೇಡಿ, ಬಾಯಿಯಿಂದ ಊದಬೇಡಿ, ಊದಿದರೆ ತೇವ ಒಳಗೆ ಹೋಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಈ ಜಾಲರಿಯ ಮೇಲೆ ಕೂತ ತೇವ ಹೇಗೆ ಒಣಗೀತು? ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ.

ಮಂಕಿ ಕ್ಯಾಪಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಹೊರಗಿನ ಮಾತು ಕೇಳಿಸಲೆಂದು ಟ್ರಾನ್ಸ್‌ಪರೆನ್ಸಿ ಮೋಡ್ ಇರುತ್ತದೆ. ಹೊರಮೈಕಿನ ಸದ್ದನ್ನು ಹಿಗ್ಗಿಸಿ ಕಿವಿಗೆ ಕೊಡುವುದು ಅದರ ಕೆಲಸ. ಆ ಮೈಕಿನ ಮೇಲೆ ಟೋಪಿ, ಮಫ್ಲರ್, ರೈನ್‌ಕೋಟಿನ ತಲೆಮುಸುಕು ಅಥವಾ ನಿಮ್ಮ ಅಂಗೈ ಬಂದರೆ, ಕಿವಿಯಿಂದ ಸೋರಿದ ಸದ್ದು ಅಲ್ಲೇ ತಡೆದು ಹೊರಮೈಕಿಗೆ ಮರಳುತ್ತದೆ, ಸಿಳ್ಳೆ ಏಳುತ್ತದೆ. ಹಿರಿಯರ ಶ್ರವಣಯಂತ್ರದ ಮೇಲೆ ಕೈ ಇಟ್ಟರೆ ಕೂಗುವುದೂ ಇದೇ ಕಾರಣಕ್ಕೆ. ಆ ಮೋಡ್‌ನಲ್ಲಿ ಮಾತ್ರ, ಟೋಪಿ ಹಾಕಿದಾಗ ಮಾತ್ರ ಬರುವ ಸಿಳ್ಳೆ ಬಡ್ ಕೆಟ್ಟಿರುವುದರ ಗುರುತಲ್ಲ. ಮುಳ್ಳಯ್ಯನಗಿರಿಯ ಮೇಲೆ ನಿಂತಾಗ ಬುರ್ ಎನ್ನುವುದು ಮೈಕಿಗೆ ಹೊಡೆಯುವ ಗಾಳಿ, ಅದು ಬೇರೆಯೇ ಕಥೆ. ಅದರ ಬಗ್ಗೆ ಇಡೀ ಒಂದು ಸಂಚಿಕೆ ಬರಲಿದೆ, ಚಾನೆಲ್ಲಿಗೆ ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದವರು ಆಗಿ, ಗಂಟೆಯ ಗುರುತನ್ನೂ ಒತ್ತಿ.

ಟಿಪ್ ಬದಲಿಸಿ, ಜಾಲರಿ ಒರೆಸಿ, ಎಲ್ಲ ಮಾಡಿದರೂ ಒಂದೇ ಬಡ್ ಕೂಗುತ್ತಿದ್ದರೆ ಅದರ ಮೈಕು ಹೋಗಿರಬಹುದು, ಬಿದ್ದು ಜೋಡಣೆಯಲ್ಲಿ ಬಿರುಕು ಬಿಟ್ಟಿರಬಹುದು. ಆಗ ವಾರಂಟಿ, ಬಿಲ್ಲು, ಸರ್ವೀಸ್ ಸೆಂಟರ್. ಆಗಲೂ ರೀಸೆಟ್ ಅಲ್ಲ. 2020ರ ಅಕ್ಟೋಬರಿನಲ್ಲಿ ಆಪಲ್ ತನ್ನ ಏರ್‌ಪಾಡ್ಸ್ ಪ್ರೊಗಳಲ್ಲಿ ಕೆಲವಕ್ಕೆ ಚಟಚಟ ಸದ್ದಿನ ಮತ್ತು ಕ್ಯಾನ್ಸಲೇಶನ್ ಸರಿಯಾಗಿ ನಡೆಯದ ತೊಂದರೆ ಇದೆ ಎಂದು ಒಪ್ಪಿಕೊಂಡಾಗ, ದೋಷವಿದ್ದ ಬಡ್‌ಗಳನ್ನು ಪುಕ್ಕಟೆಯಾಗಿ ಬದಲಿಸಿಕೊಡುವ ಯೋಜನೆಯನ್ನೇ ತಂದಿತು. ಒಂದು ಬಟನ್ ಒತ್ತಿದರೆ ಸರಿಹೋಗುವ ಹಾಗಿದ್ದರೆ ಯಾವ ಕಂಪನಿಯಾದರೂ ಹೊಸ ಬಡ್ ಕೊಡುತ್ತಿತ್ತೇ?

ನನಗೆ ಸಿಟ್ಟು ಬರುವುದು ಇದಕ್ಕೆ. ಮೂಡಿಗೆರೆಯ ಆ ವೀಕ್ಷಕರು ಆಮೇಲೆ ಬರೆದಿದ್ದಾರೆ: ಅಂಗಡಿಗೆ ಹೋದರಂತೆ, ಅಲ್ಲಿಯವರು ರೀಸೆಟ್ ಮಾಡಿದರಂತೆ, ಸಿಳ್ಳೆ ನಿಲ್ಲದಿದ್ದಾಗ ‘ಇದು ಸಾಫ್ಟ್‌ವೇರ್ ಪ್ರಾಬ್ಲಮ್, ಹೊಸದು ತಗೊಳ್ಳಿ’ ಎಂದರಂತೆ. ಟಿಪ್ ಕಳಚಿ ನೋಡಲೇ ಇಲ್ಲ! ಸಾವಿರಾರು ರೂಪಾಯಿಯ ಸಾಮಾನನ್ನು ಕಸಕ್ಕೆ ಹಾಕಿಸುವ ಮೊದಲು ಒಂದು ರಬ್ಬರನ್ನು ಕಳಚಿ ನೋಡುವಷ್ಟು ವ್ಯವಧಾನ ಇಲ್ಲವೇ? ‘ಕೋಡೆಕ್ ಬದಲಿಸಿ, ಎಎಸಿ ಹಾಕಿ’ ಎನ್ನುವವರೂ ಇದ್ದಾರೆ. ಕೋಡೆಕ್ ಎಂದರೆ ಬ್ಲೂಟೂತಿನಲ್ಲಿ ಕಳಿಸಲು ಹಾಡನ್ನು ಅಂಕಿಗಳಾಗಿ ಕುಗ್ಗಿಸುವ ವಿಧಾನ, ಎಎಸಿ ಅದರಲ್ಲೊಂದು. ಕೋಡೆಕ್ಕಿಗೂ ನಿಮ್ಮ ಕಿವಿಯ ನಾಳಕ್ಕೂ ಏನು ಸಂಬಂಧ ಸ್ವಾಮಿ? ‘ಫೋನಿನ ಸೆಟ್ಟಿಂಗ್ಸಿನಲ್ಲಿ ಡೆವಲಪರ್ ಆಪ್ಶನ್‌ಗೆ ಹೋಗಿ’ ಎನ್ನುವವರಿದ್ದಾರೆ. ಎಲ್ಲಿಗೂ ಹೋಗಬೇಡಿ! ಟಿಪ್ ತೆಗೆಯಿರಿ, ಬೆಳಕಿಗೆ ಹಿಡಿಯಿರಿ, ನೋಡಿ. ಸಿಳ್ಳೆ ಗಾಳಿಯಲ್ಲಿದೆ, ಫೋನಿನಲ್ಲಿಲ್ಲ. ಈ ವಿಡಿಯೊದ ಕೆಳಗೂ ‘ರೀಸೆಟ್ ಮಾಡಿ’ ಎಂದು ಬರೆಯುವವರಿಗೆ ನಾನು ಮತ್ತೆ ಅದನ್ನೇ ಬರೆಯುತ್ತೇನೆ, ಟಿಪ್ ತೆಗೆದು ನೋಡಿದಿರಾ?

ಸಿಳ್ಳೆಯ ಕಾಟ ಇರುವವರು ಕಾಮೆಂಟಿನಲ್ಲಿ ಇಷ್ಟು ಬರೆಯಿರಿ: ಯಾವ ಕಡೆಯ ಬಡ್, ಕ್ಯಾನ್ಸಲೇಶನ್ನಿನಲ್ಲಿ ಬರುತ್ತದೋ ಟ್ರಾನ್ಸ್‌ಪರೆನ್ಸಿಯಲ್ಲೋ, ಟಿಪ್ಪಿನ ಅಳತೆ ಯಾವುದು, ಬೆರಳಿನಿಂದ ಒತ್ತಿದಾಗ ನಿಲ್ಲುತ್ತದೋ ಇಲ್ಲವೋ. ಟಾರ್ಚಿನ ಓರೆ ಬೆಳಕಿನಲ್ಲಿ ತೆಗೆದ ಜಾಲರಿಯ ಫೋಟೊ ಇದ್ದರೆ ನಮ್ಮ ಟೆಲಿಗ್ರಾಂ ಗುಂಪಿಗೆ ಹಾಕಿ, ಅದರ ಲಿಂಕ್ ವಿವರಣೆಯಲ್ಲಿದೆ. ಫೋನಿನ ಮಾಡೆಲ್ ಬರೆಯುವ ಅಗತ್ಯವಿಲ್ಲ.