ಘಮಘಮಿಸುವ ವೈನಿಗೆ ತಕ್ಕ ಊಟ

ಕೇಳುಗರೆಲ್ಲರಿಗೂ ನಮಸ್ಕಾರ.

ಮನಸ್ಸಿಗೆ ಹಿಡಿಸಿದವರನ್ನು ಮೊದಲ ಸಲ ರಾತ್ರಿ ಊಟಕ್ಕೆ ಮನೆಗೆ ಕರೆದಿದ್ದೀರಿ ಅಂದುಕೊಳ್ಳಿ. ಅವರಿಗೂ ವೈನ್ ಇಷ್ಟ ಅಂತ ಮೊದಲೇ ಕೇಳಿ ತಿಳಿದುಕೊಂಡಿದ್ದೀರಿ. ಅಂಗಡಿಯಲ್ಲಿ ತೆಳ್ಳಗೆ ಉದ್ದಕ್ಕಿರುವ ಬಾಟಲಿಯೊಂದು ಸಿಕ್ಕಿದೆ. ಫ್ರಾನ್ಸಿನ ಅಲ್ಸಾಸ್ ಸೀಮೆಯ ಗೆವುರ್ಟ್ಸ್‌ಟ್ರಾಮಿನರ್, ಅಂದರೆ ಅದೇ ಹೆಸರಿನ ದ್ರಾಕ್ಷಿಯಿಂದ ಮಾಡಿದ ಬಿಳಿ ವೈನ್. ಇದರ ಜೊತೆ ಏನು ಅಡುಗೆ ಮಾಡೋದು? ಇವತ್ತು ಅದನ್ನೇ ಮಾತಾಡೋಣ.

ಅಲ್ಸಾಸ್ ಇರುವುದು ವೋಜ್ ಬೆಟ್ಟಸಾಲಿಗೂ ರೈನ್ ನದಿಗೂ ನಡುವೆ. ಪಶ್ಚಿಮದಿಂದ ಬರುವ ಮೋಡಗಳು ಬೆಟ್ಟದ ಆಚೆಗೇ ಮಳೆ ಸುರಿಸಿಬಿಡುತ್ತವೆ. ಹಾಗಾಗಿ ಕೊಲ್ಮಾರ್ ಊರಿನ ಸುತ್ತಮುತ್ತ ಮಳೆ ಕಡಿಮೆ, ದ್ರಾಕ್ಷಿ ಚೆನ್ನಾಗಿ ಮಾಗುತ್ತದೆ. ವೈನ್ ಬಿಳಿಯದಾದರೂ ಹಣ್ಣಿನ ಸಿಪ್ಪೆ ನಸುಗೆಂಪು.

ಗ್ಲಾಸನ್ನು ಮೂಗಿನ ಹತ್ತಿರ ತಂದು ನೋಡಿ. ಮೊದಲು ಲಿಚಿ ಹಣ್ಣು, ಹಿಂದೆಯೇ ಗುಲಾಬಿ, ಆಮೇಲೆ ಒಂಚೂರು ಶುಂಠಿ. ಇದು ಸುಮ್ನೆ ಹೇಳೋ ಮಾತಲ್ಲ. ರೋಸ್ ಆಕ್ಸೈಡ್ ಎಂಬ ವಸ್ತು ಲಿಚಿಯಲ್ಲಿದೆ, ಗುಲಾಬಿ ಎಣ್ಣೆಯಲ್ಲಿದೆ, ಈ ವೈನಿನಲ್ಲೂ ಇದೆ.

ಇಷ್ಟು ಘಮ ಇದ್ದರೂ ಇದರಲ್ಲಿ ಹುಳಿ ಕಡಿಮೆ. ಆಲ್ಕೋಹಾಲ್ ಜಾಸ್ತಿ, ಸಾಮಾನ್ಯವಾಗಿ ಶೇಕಡಾ 13ರಿಂದ 14. ಅಡುಗೆ ಆರಿಸುವಾಗ ಈ ಎರಡನ್ನೂ ನೆನಪಿಡಬೇಕು. ಹುಳಿ ಜೋರಾಗಿರುವ ಊಟದ ಮುಂದೆ ವೈನ್ ಸಪ್ಪೆಯಾಗಿಬಿಡುತ್ತದೆ. ಹುಣಸೆಹಣ್ಣಿನ ಮೀನು ಸಾರು, ನಿಂಬೆ ಹಿಂಡಿದ ಕೋಸಂಬರಿ ಆ ರಾತ್ರಿ ಬೇಡ.

ಖಾರದೂಟಕ್ಕೆ ಗೆವುರ್ಟ್ಸ್‌ಟ್ರಾಮಿನರ್ ಅಂತ ತುಂಬ ಜನ ಹೇಳುತ್ತಾರೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಶುಂಠಿ, ಏಲಕ್ಕಿ, ಚಕ್ಕೆ, ಲವಂಗ ಹಾಕಿದ ಅಡುಗೆಗೆ ಇದು ಸೊಗಸು. ಮೆಣಸಿನಕಾಯಿಯ ಉರಿಗೆ ಮಾತ್ರ ಹೊಂದುವುದಿಲ್ಲ. ಮೆಣಸಿನಕಾಯಿ ನಾಲಿಗೆಯಲ್ಲಿ ಯಾವ ನರವನ್ನು ಕೆಣಕುತ್ತದೋ ಆಲ್ಕೋಹಾಲೂ ಅದನ್ನೇ ಕೆಣಕುತ್ತದೆ. ಉರಿ ಇನ್ನೂ ಏರುತ್ತದೆ. ವೈನಿನಲ್ಲಿ ಸ್ವಲ್ಪ ಸಿಹಿ ಇದ್ದರೆ ಪರವಾಗಿಲ್ಲ, ಆದರೂ ಮೆಣಸಿನಕಾಯಿ ಹಾಕುವಾಗ ಕೈ ಹಿಡಿತದಲ್ಲಿರಲಿ.

ನನ್ನನ್ನು ಕೇಳಿದರೆ ಕಾಯಿಹಾಲಿನ ಕೋಳಿ ಮಾಡಿ ಅಂತೀನಿ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ. ಕೆಂಪಗಾಗುವುದು ಬೇಡ. ಉದ್ದುದ್ದ ಸೀಳಿದ ಶುಂಠಿ ಧಾರಾಳವಾಗಿ ಹಾಕಿ. ಎರಡು ಏಲಕ್ಕಿ, ಒಂದು ಚೂರು ಚಕ್ಕೆ. ಹಸಿಮೆಣಸಿನಕಾಯಿ ಒಂದೇ ಸಾಕು, ಸೀಳದೆ ಇಡಿಯಾಗಿ ಹಾಕಿ ಕೊನೆಗೆ ತೆಗೆದುಬಿಡಿ. ಕೋಳಿಯನ್ನು ನೀರು ಕಾಯಿಹಾಲಿನಲ್ಲಿ ಬೇಯಿಸಿ. ಗಟ್ಟಿ ಕಾಯಿಹಾಲು ಕೊನೆಗೆ ಹಾಕಿ, ಬಿಸಿಯಾಗುತ್ತಲೇ ಇಳಿಸಿ, ಕುದಿ ಬಂದರೆ ಒಡೆಯುತ್ತದೆ. ಕಾಯಿಹಾಲಿನ ಜಿಡ್ಡು ಮತ್ತು ನಸುಸಿಹಿ ವೈನಿನ ಮಂದ ರುಚಿಯ ಜೊತೆ ಎಷ್ಟು ಚೆನ್ನಾಗಿ ಬೆರೆಯುತ್ತವೆ ಅಂತ ಕುಡಿದೇ ನೋಡಬೇಕು! ಶುಂಠಿಯಂತೂ ವೈನಿನ ಘಮವನ್ನು ಎತ್ತಿ ಹಿಡಿಯುತ್ತದೆ. ಸಸ್ಯಾಹಾರಿಗಳು ಆಲೂಗಡ್ಡೆ, ಕ್ಯಾರೆಟ್, ಬಟಾಣಿ ಹಾಕಿ ಇದನ್ನೇ ಮಾಡಬಹುದು. ಜೊತೆಗೆ ಶಾವಿಗೆ ಅಥವಾ ಬಿಸಿ ಅನ್ನ.

ಅಲ್ಸಾಸಿನವರು ಇದರ ಜೊತೆ ಈರುಳ್ಳಿ ಟಾರ್ಟ್, ಅಂದರೆ ಹಿಟ್ಟಿನ ತಳದ ಮೇಲೆ ಈರುಳ್ಳಿ ತುಂಬಿ ಬೇಯಿಸಿದ ತಿಂಡಿ, ತಿನ್ನುತ್ತಾರೆ. ಮನ್‌ಸ್ಟರ್ ಎಂಬ ಅಲ್ಲಿನ ಚೀಸಿಗೆ, ಜೀರಿಗೆಯನ್ನೇ ಹೋಲುವ ಕಾಳು ಉದುರಿಸಿ, ಇದೇ ವೈನ್ ಕುಡಿಯುತ್ತಾರೆ. ಜೋಡಿಯೇನೋ ಅದ್ಭುತ. ಆದರೆ ಆ ಚೀಸಿನ ವಾಸನೆ ಬಲು ಜೋರು. ಇಬ್ಬರಿಗೂ ಪರಿಚಯ ಬಲಿತ ಮೇಲೆ ಬಡಿಸುವುದು ವಾಸಿ.

ಬಾಟಲಿ ಕೊಳ್ಳುವಾಗ ಚೀಟಿ ಓದಿ. 2021ರ ಕೊಯ್ಲಿನಿಂದ ಈಚಿನ ಅಲ್ಸಾಸ್ ವೈನುಗಳ ಮೇಲೆ ಸಿಹಿ ಎಷ್ಟು ಅಂತ ಬರೆದಿರುತ್ತಾರೆ. ಸೆಕ್ ಅಂದರೆ ಸಿಹಿಯಿಲ್ಲದ್ದು, ದೆಮಿ ಸೆಕ್ ಅಂದರೆ ಅಲ್ಪ ಸಿಹಿ. ಈ ಊಟಕ್ಕೆ ದೆಮಿ ಸೆಕ್ ಸರಿ. ಮ್ವಾಲೆ, ದೂ ಅಂತಿದ್ದರೆ ಸಿಹಿ ಜಾಸ್ತಿ, ಅವು ಊಟ ಮುಗಿದ ಮೇಲಿನವು.

ತೀರಾ ತಣ್ಣಗೆ ಕೊಡಬೇಡಿ, ಪರಿಮಳ ಮುದುಡುತ್ತದೆ. 10 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಫ್ರಿಜ್ಜಿನಿಂದ ಕಾಲು ಗಂಟೆ ಮುಂಚೆ ಹೊರಗಿಡಿ. ಗ್ಲಾಸಿನ ಮೂರನೇ ಒಂದು ಭಾಗ ತುಂಬಿಸಿದರೆ ಸಾಕು, ಘಮ ನಿಲ್ಲಲು ಜಾಗ ಬೇಕಲ್ವಾ? 750 ಎಂಎಲ್ ಬಾಟಲಿಯಲ್ಲಿ ಐದು ಗ್ಲಾಸ್ ಬರುತ್ತದೆ. ಇಬ್ಬರೇ ಅದನ್ನು ಮುಗಿಸಲೇಬೇಕು ಅಂತೇನಿಲ್ಲ. ಬಂದವರು ಗಾಡಿ ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ, ಟ್ಯಾಕ್ಸಿ ಹಿಡಿದು ಕಳಿಸಿಕೊಡಿ. ಉಳಿದ ವೈನಿಗೆ ಬಿರಟೆ ಹಾಕಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನ ಚೆನ್ನಾಗಿಯೇ ಇರುತ್ತದೆ.

ನಮಸ್ಕಾರ.